ಶಿಶುನಾಳಕ್ಕೆ ಬಂದ ನರ್ಗೀಸ್

ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ದೊಡ್ಡ ಊರೇನಲ್ಲ. ಅಲ್ಲಿಯ ಇಮಾಮ ಸಾಹೇಬ, ಹಜ್ಜೂಮಾ ದಂಪತಿಗಳಿಗೆ 1819ರಲ್ಲಿ ಹುಟ್ಟಿದ ಮಗ ಮುಲ್ಕಿ ಪರೀಕ್ಷೆ ಪಾಸಾಗಿ ಕೆಲವು ಕಾಲ ಹಳ್ಳಿಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದರು. ಆಮೇಲೆ ಆ ನೌಕರಿ ಬಿಟ್ಟು ಕಳಸದ ಗೋವಿಂದ ಭಟ್ಟರ ಬೆನ್ನು ಹತ್ತಿದರು. ಮಾಸ್ತರಿಕೆ ಬಿಟ್ಟದ್ದರಿಂದಲೇ ಶರೀಫ ಸಾಹೇಬರು ಅಷ್ಟು ದೊಡ್ಡವರಾದರು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಾವು ಆಗಾಗ ನಗೆಯಾಡುವುದುಂಟು. ಮುಸಲ್ಮಾನ ಹುಡುಗನನ್ನು ಬ್ರಾಹ್ಮಣ ಗುರು ಮನೆಯೊಳಗೆ ಕರೆದುಕೊಂಡ ಆ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಅವರು 1889ರಲ್ಲಿ ತೀರಿಕೊಂಡಾಗ ಎರಡೂ ಕಡೆಯವರು ತಂತಮ್ಮ ಪದ್ಧತಿಯಂತೆ ಮಣ್ಣಿನ ಕಾರ್ಯ ಮಾಡಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ.

ನೂರು ವರ್ಷ ಕಳೆದ ಮೇಲೆ, 1990ರಲ್ಲಿ, ಟಿ.ಎಸ್. ನಾಗಾಭರಣ ಅವರು 'ಸಂತ ಶಿಶುನಾಳ ಶರೀಫ' ಎಂಬ ಸಿನಿಮಾ ಮಾಡಿದರು. ನೃತ್ಯಗಾರರೂ ಆದ ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು, ಸಿ. ಅಶ್ವತ್ಥ್ ಸಂಗೀತ ಕೊಟ್ಟರು. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ 'ನರ್ಗೀಸ್ ದತ್ ಪ್ರಶಸ್ತಿ' ಈ ಚಿತ್ರಕ್ಕೆ ಬಂತು. ಆಗ ನಮ್ಮದು ಇನ್ನೂ ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದೇ 1990ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರಿಗೆ ಬಂದಿತ್ತು. ಆಚೀಚೆಯ ಎರಡು ತಾಲ್ಲೂಕುಗಳ ಹೆಸರು ಒಂದೇ ವರ್ಷದಲ್ಲಿ ದಿಲ್ಲಿಯವರೆಗೆ ಹೋಗಿ ಬಂತು. ಗೋಕಾಕರ ಬಗ್ಗೆ ಸಭೆಗಳಾದವು, ಭಾಷಣಗಳಾದವು. ಸಿನಿಮಾದ ಪ್ರಶಸ್ತಿಯ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತಾಡಲಿಲ್ಲ. ಸಿನಿಮಾ ಎಂದರೆ ಏನಿದ್ದರೂ ಸಿನಿಮಾ ಅಲ್ಲವೇ?

ನನಗೆ ಆಗಲೂ ಕುತೂಹಲವಿದ್ದದ್ದು ಆ ಪ್ರಶಸ್ತಿಗಿದ್ದ ಹೆಸರಿನ ಬಗ್ಗೆ. ನಮ್ಮ ಶರೀಫಜ್ಜನಿಗೂ ಮುಂಬಯಿಯ ನರ್ಗೀಸಳಿಗೂ ಎತ್ತಣ ಸಂಬಂಧ? ಹುಡುಕುತ್ತ ಹೋದರೆ ಸಂಬಂಧ ಇಲ್ಲದಿಲ್ಲ. ನರ್ಗೀಸ್ ಹುಟ್ಟಿದ್ದು 1929ರಲ್ಲಿ. ತಾಯಿ ಜದ್ದನ್‌ಬಾಯಿ ಹೆಸರಾಂತ ಗಾಯಕಿ, ಮುಸಲ್ಮಾನರು. ತಂದೆ ಮೋಹನಚಂದ ಹಿಂದೂ ಮನೆತನದವರು. ಆಕೆಗೆ ಇಟ್ಟ ಹೆಸರು ಫಾತಿಮಾ. ಶರೀಫ ಸಾಹೇಬರ ಹೆಂಡತಿಯ ಹೆಸರೂ ಫಾತಿಮಾ ಎಂಬುದು ಕಾಕತಾಳೀಯ ಎನ್ನಿ, ಆದರೂ ನನಗೆ ಖುಷಿಯ ಸಂಗತಿ. 1957ರ 'ಮದರ್ ಇಂಡಿಯಾ'ದಲ್ಲಿ ನೇಗಿಲು ಎಳೆದ ಆ ತಾಯಿಯನ್ನು ನಮ್ಮ ತಾಯಂದಿರು ಮರೆತಿರಲಿಲ್ಲ. ಮರುವರ್ಷವೇ ಆಕೆ ಸುನೀಲ್ ದತ್ತರನ್ನು ಮದುವೆಯಾದರು. 1981ರ ಮೇ ತಿಂಗಳಲ್ಲಿ, ಮಗನ ಮೊದಲ ಸಿನಿಮಾ ತೆರೆ ಕಾಣಲು ನಾಲ್ಕೇ ದಿನ ಇರುವಾಗ, ಕ್ಯಾನ್ಸರಿನಿಂದ ತೀರಿಕೊಂಡರು. ಭಾವೈಕ್ಯದ ಪ್ರಶಸ್ತಿ 1965ರ ಸಾಲಿನಿಂದಲೇ ಇತ್ತು. ಅದಕ್ಕೆ ನರ್ಗೀಸರ ಹೆಸರು ಸೇರಿದ್ದು ಅವರು ಹೋದ ಮೇಲೆ.

ಈ ರಾಷ್ಟ್ರಪ್ರಶಸ್ತಿಗಳು ಹುಟ್ಟಿದ ಕಾಲವನ್ನೂ ಸ್ವಲ್ಪ ಹೇಳಬೇಕು. 1953ರ ಚಿತ್ರಗಳಿಗೆಂದು 1954ರಲ್ಲಿ ಮೊದಲ ಸಲ ಕೊಟ್ಟರು. ಆ ಮೊದಲ ಚಿನ್ನದ ಪದಕ ಹೋದದ್ದು ಮರಾಠಿಯ 'ಶ್ಯಾಮಚೀ ಆಯಿ'ಗೆ, ಅಂದರೆ ಸಾನೆ ಗುರೂಜಿಯವರ ತಾಯಿಯ ಕಥೆಗೆ. ಮರುವರ್ಷ ನಮ್ಮ 'ಬೇಡರ ಕಣ್ಣಪ್ಪ'ನಿಗೆ ಪ್ರಶಸ್ತಿಪತ್ರ ಬಂತು. ರಾಜಕುಮಾರರು ನಾಯಕರಾದ ಮೊದಲ ಚಿತ್ರ ಅದು. ಕಥೆ ತಾಯಿಯದಾದರೂ ತಾಯಿಯ ಪಾತ್ರ ಮಾಡಿದವಳಿಗೆ ಪ್ರತ್ಯೇಕ ಪ್ರಶಸ್ತಿ ಎಂಬುದು ಆಗ ಇರಲೇ ಇಲ್ಲ. ಉತ್ತಮ ನಟಿಗೆ, ಉತ್ತಮ ನಟನಿಗೆ ಎಂದು ಪ್ರಶಸ್ತಿ ಶುರುವಾದದ್ದು 1967ರ ಸಾಲಿನಿಂದ. ನಟಿಯರಲ್ಲಿ ಅದನ್ನು ಮೊದಲು ಪಡೆದವರು ಇದೇ ನರ್ಗೀಸ್, 'ರಾತ್ ಔರ್ ದಿನ್' ಚಿತ್ರಕ್ಕೆ. ಎರಡು ವರ್ಷದ ನಂತರ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಆರಂಭವಾದಾಗಲೂ ಮೊದಲು ಪಡೆದವರು ಹೆಣ್ಣುಮಗಳೇ: ದೇವಿಕಾ ರಾಣಿ. ಅವರು ಬೆಂಗಳೂರಿನ ಹೊರಗಿನ ತಾತಗುಣಿಯ ತೋಟದಲ್ಲಿ ಬಹುಕಾಲ ಬಾಳಿ 1994ರಲ್ಲಿ ತೀರಿಕೊಂಡರು. ಅದೇ ಫಾಲ್ಕೆ ಪ್ರಶಸ್ತಿ 1995ರ ಸಾಲಿಗೆ ರಾಜಕುಮಾರರಿಗೆ ಬಂದಾಗ ಸವಣೂರು, ಹಾನಗಲ್ಲ ಕಡೆ ಪಟಾಕಿ ಹಚ್ಚಿದವರು ಇದ್ದರು. ಗೋಕಾಕ ವರದಿಗಾಗಿ 1982ರಲ್ಲಿ ನಡೆದ ಚಳವಳಿಗೆ ರಾಜಕುಮಾರರು ಇಳಿದ ಮೇಲೆಯೇ ಅಲ್ಲವೇ ಜನ ಹೊಳೆಯಂತೆ ಹರಿದು ಬಂದದ್ದು? ವರದಿ ಬರೆಸಿದ ಸಮಿತಿಯ ಹಿರಿಯರು ಸವಣೂರಿನವರು, ಜನರನ್ನು ಕರೆತಂದವರು ಸಿನಿಮಾದವರು.

ಕನ್ನಡಕ್ಕೆ ಬಂದ ಆರು ಸ್ವರ್ಣಕಮಲಗಳನ್ನು ಪರೀಕ್ಷೆಗೆ ಓದುವ ಹುಡುಗರು ಗಿಳಿಪಾಠದಂತೆ ಒಪ್ಪಿಸುತ್ತಾರೆ. 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿಸಾಹೇಬ', 'ದ್ವೀಪ'. ನಿರ್ದೇಶಕರು ಪಟ್ಟಾಭಿರಾಮ ರೆಡ್ಡಿ, ಬಿ.ವಿ. ಕಾರಂತ, ಉಳಿದ ನಾಲ್ಕಕ್ಕೂ ಗಿರೀಶ ಕಾಸರವಳ್ಳಿ. ಇಷ್ಟು ಬರೆದರೆ ಅಂಕ ಸಿಗುತ್ತದೆ. ಅವರ ದೊಡ್ಡತನ ನಾನು ಅಲ್ಲಗಳೆಯುವವಳಲ್ಲ. ಆದರೆ ಈ ಉತ್ತರದಲ್ಲಿ ಬಾರದ ಹೆಸರುಗಳಿವೆ.

'ಸಂಸ್ಕಾರ'ವನ್ನೇ ನೋಡಿ. ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ ತೆಗೆದ ಚಿತ್ರ. ಮದ್ರಾಸಿನ ಸೆನ್ಸಾರ್ ಮಂಡಲಿ ಮೊದಲು ಅದನ್ನು ತಡೆಹಿಡಿಯಿತು. ಆ ತಡೆ ನೀಗಿ ತೆರೆ ಕಂಡ ಮೇಲೆ 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ದಿಲ್ಲಿಯವರೇ ಚಿನ್ನದ ಪದಕ ಕೊಟ್ಟರು. ಅದರಲ್ಲಿ ಚಂದ್ರಿಯ ಪಾತ್ರ ಮಾಡಿದವರು ನಿರ್ದೇಶಕರ ಮಡದಿ ಸ್ನೇಹಲತಾ ರೆಡ್ಡಿ. ಅಗ್ರಹಾರದ ಪಂಡಿತರೆಲ್ಲ ಶಾಸ್ತ್ರ ಹುಡುಕುತ್ತ ಕೂತಾಗ, ಸತ್ತವನ ಹೆಣಕ್ಕೆ ಒಂದು ಗತಿ ಕಾಣಿಸಬೇಕೆಂದು ಮೈಮೇಲಿನ ಬಂಗಾರ ಬಿಚ್ಚಿಡುವ ಚಂದ್ರಿ ಆಕೆ. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಅವರನ್ನು ಹಿಡಿದು ಬೆಂಗಳೂರಿನ ಜೈಲಿಗೆ ಹಾಕಿದರು. ವಿಚಾರಣೆ ನಡೆಯಲಿಲ್ಲ. ಅವರಿಗೆ ಉಬ್ಬಸ. ಎಂಟು ತಿಂಗಳು ಒಳಗಿದ್ದು, ಸ್ಥಿತಿ ಕೈಮೀರಿದ ಮೇಲೆ 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಂದರು. ಬಂದು ಐದು ದಿನಕ್ಕೆ ತೀರಿಕೊಂಡರು. ಆರೇ ವರ್ಷದ ಹಿಂದೆ ಅವರ ಚಿತ್ರಕ್ಕೆ ಪದಕ ಕೊಟ್ಟದ್ದೂ ಅದೇ ದಿಲ್ಲಿ. ಪ್ರಶಸ್ತಿಯ ಇತಿಹಾಸ ಬರೆಯುವವರು ಪದಕದ ಸಂಗತಿಯಷ್ಟೇ ಬರೆದು ಮುಂದೆ ಹೋಗುತ್ತಾರೆ. ನನಗೆ ಹಾಗೆ ಮುಂದೆ ಹೋಗಲು ಆಗುವುದಿಲ್ಲ.

ಕನ್ನಡ ಚಿತ್ರಕ್ಕಾಗಿ ಉತ್ತಮ ನಟಿ ಎಂಬ ರಾಷ್ಟ್ರಪ್ರಶಸ್ತಿಯನ್ನು ಮೊದಲು ತಂದವರು ನಂದಿನಿ ಭಕ್ತವತ್ಸಲ, ಕಾರ್ನಾಡರ 'ಕಾಡು' ಚಿತ್ರಕ್ಕೆ, 1973ರ ಸಾಲಿನಲ್ಲಿ. ಗಂಡ ಇನ್ನೊಂದು ಊರಿನ ಇನ್ನೊಬ್ಬಳ ಕಡೆ ಹೋಗುವುದನ್ನು ನೋಡುತ್ತ ಬೇಯುವ ಹೆಂಗಸಿನ ಪಾತ್ರ. ಅಂಥವರು ನಮ್ಮ ಓಣಿಗಳಲ್ಲಿ ಇಲ್ಲವೆಂದು ಯಾರು ಹೇಳುತ್ತಾರೆ? ಆ ಪ್ರಶಸ್ತಿ ಕನ್ನಡಕ್ಕೆ ಮತ್ತೆ ಬಂದದ್ದು 2004ರ ಸಾಲಿನಲ್ಲಿ, 'ಹಸೀನಾ'ದ ತಾರಾ ಅವರಿಗೆ. ನಡುವೆ 31 ವರ್ಷ.

ಇನ್ನು 'ತಾಯಿಸಾಹೇಬ' ಮತ್ತು 'ದ್ವೀಪ'. ಸ್ವರ್ಣಕಮಲ ನಿರ್ದೇಶಕನಿಗೆ ಮಾತ್ರವಲ್ಲ, ದುಡ್ಡು ಹಾಕಿದ ನಿರ್ಮಾಪಕನಿಗೂ ಸಲ್ಲುತ್ತದೆ. ಈ ಎರಡೂ ಚಿತ್ರಗಳಿಗೆ ದುಡ್ಡು ಹಾಕಿದವರು ಅವುಗಳ ನಾಯಕಿಯರೇ, ಜಯಮಾಲಾ ಮತ್ತು ಸೌಂದರ್ಯ. ಓಡುವ ಚಿತ್ರಗಳಲ್ಲಿ ಗಳಿಸಿದ್ದನ್ನು ಓಡುವ ಭರವಸೆಯಿಲ್ಲದ ಚಿತ್ರಕ್ಕೆ ಸುರಿಯಲು ಗಟ್ಟಿ ಎದೆ ಬೇಕು. ರಂ.ಶಾ. ಲೋಕಾಪುರರ ಕಾದಂಬರಿಯಿಂದ ಬಂದ 'ತಾಯಿಸಾಹೇಬ' ನಮ್ಮ ಉತ್ತರ ಕರ್ನಾಟಕದ ವಾಡೆಯ ಕಥೆ. ಅದರ ಉಡುಪಿನ ಕೆಲಸಕ್ಕಾಗಿ ವೈಶಾಲಿ ಕಾಸರವಳ್ಳಿಯವರಿಗೂ ರಾಷ್ಟ್ರಪ್ರಶಸ್ತಿ ಬಂತು. ಯಾವ ಕಾಲದಲ್ಲಿ ಯಾವ ಮನೆಯವಳು ಎಂಥ ಸೀರೆ ಉಡುತ್ತಿದ್ದಳು, ಸೆರಗು ಹೇಗೆ ಹೊದೆಯುತ್ತಿದ್ದಳು ಎಂಬುದೂ ಇತಿಹಾಸವೇ ಎಂದು ಒಮ್ಮೆಯಾದರೂ ಒಪ್ಪಿದರಲ್ಲ! ಸೌಂದರ್ಯ ಮಾತ್ರ 2004ರಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು.

ನಾಟಕಗಳಿಗೆ ಉಡುಪು ಹೊಲಿಸುತ್ತ, ಮಕ್ಕಳ ನಾಟಕ ಆಡಿಸುತ್ತ ಬಂದ ಇನ್ನೊಬ್ಬ ಹೆಣ್ಣುಮಗಳು ನಿರ್ದೇಶನಕ್ಕೇ ಕೈಹಾಕಿದರು. ಅವರು ಪ್ರೇಮಾ ಕಾರಂತ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಚಿತ್ರ ಮಾಡಿ 1982ರ ಸಾಲಿನ ಉತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದರು. ಬಾಲವಿಧವೆಯ ಬಾಳನ್ನು ಬರೆದವರೂ ಹೆಂಗಸು, ತೆರೆಗೆ ತಂದವರೂ ಹೆಂಗಸು.

ಬೇರೆ ದೇಶದಲ್ಲಿ ಹೇಗಿದೆಯೋ ಎಂದು ನೋಡಿದರೆ ಚೀನೀ ಭಾಷೆಯವರದೊಂದು ಉದಾಹರಣೆ ಸಿಗುತ್ತದೆ. ಅವರ ಚಿತ್ರಗಳಿಗೆ ತೈವಾನಿನಲ್ಲಿ 1962ರಿಂದ 'ಚಿನ್ನದ ಕುದುರೆ' ಎಂಬ ಪ್ರಶಸ್ತಿ, ಹಾಂಗ್‌ಕಾಂಗಿನಲ್ಲಿ 1982ರಿಂದ ಮತ್ತೊಂದು. ಈ ಹಾಂಗ್‌ಕಾಂಗ್ ಪ್ರಶಸ್ತಿಯಲ್ಲಿ ಉತ್ತಮ ನಿರ್ದೇಶಕರೆಂದು ಆರು ಸಲ ಗೆದ್ದವರು ಆನ್ ಹುಯಿ ಎಂಬ ಹೆಂಗಸು. ಅವರ ಒಂದು ಚಿತ್ರದ ಕಥೆ ಇಷ್ಟೇ: ಒಂದೇ ಮನೆಯಲ್ಲಿ ಅರವತ್ತು ವರ್ಷ ದುಡಿದ ಕೆಲಸದಾಕೆಗೆ ಲಕ್ವ ಹೊಡೆಯುತ್ತದೆ, ಆಕೆ ಎತ್ತಿ ಆಡಿಸಿದ ಹುಡುಗ ಈಗ ಆಕೆಯನ್ನು ನೋಡಿಕೊಳ್ಳುತ್ತಾನೆ. ಪಾತ್ರೆ ತೊಳೆದ ಕೈಗಳ ಕಥೆಗೆ ಅಲ್ಲಿ ಅಷ್ಟು ದೊಡ್ಡ ಮರ್ಯಾದೆ ಸಿಕ್ಕಿತು. ನಮ್ಮಲ್ಲೂ ಕಥೆಗಳಿಗೇನು ಬರವಿಲ್ಲ.

ಪ್ರಶಸ್ತಿ ಬಂದ ಚಿತ್ರಗಳು ನಮ್ಮ ಊರುಗಳಿಗೆ ಬರುತ್ತಿದ್ದವೇ ಎಂದು ಕೇಳಿದರೆ, ಬರುತ್ತಿರಲಿಲ್ಲ ಎಂದೇ ಹೇಳಬೇಕು. ಹಿರೇಕೆರೂರಿನಲ್ಲಿ ಹೊಡೆದಾಟದ ಚಿತ್ರ ನಾಲ್ಕು ವಾರ ನಡೆಯುತ್ತಿತ್ತು, 'ಘಟಶ್ರಾದ್ಧ'ವನ್ನು ತರುವ ಧೈರ್ಯ ಯಾರಿಗಿತ್ತು? ಅಬಲೂರು ಆ ತಾಲ್ಲೂಕಿನದೇ, ಸರ್ವಜ್ಞನ ಊರು. ರಾಜಕುಮಾರರ 'ಸರ್ವಜ್ಞಮೂರ್ತಿ'ಯನ್ನು ನೋಡಿದ ನೆನಪು ನಮ್ಮ ಹಿರಿಯರಿಗೆ ಇತ್ತು, ಅಷ್ಟೇ. ಪ್ರಶಸ್ತಿ ಚಿತ್ರಗಳನ್ನು ನಮಗೆ ತೋರಿಸಿದ್ದು ದೂರದರ್ಶನ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ರವಿವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದೊಂದು ಭಾಷೆಯ ಚಿತ್ರ ಬರುತ್ತಿತ್ತು. ಓಣಿಗೆ ಒಂದೋ ಎರಡೋ ಟಿ.ವಿ. ಬಂಗಾಲಿ, ಅಸ್ಸಾಮಿ ಏನೇ ಬರಲಿ, ಕೆಳಗಿನ ಇಂಗ್ಲಿಷ್ ಅಕ್ಷರ ಓದಿ ಅಜ್ಜಿಯರಿಗೆ ಕಥೆ ಹೇಳುವ ಕೆಲಸ ನನ್ನಂಥ ಕಾಲೇಜು ಹುಡುಗಿಯರದು. 'ತಬರನ ಕಥೆ' ಬಂದ ದಿನ ಮಾತ್ರ ನನ್ನ ಬಾಯಿಗೆ ಕೆಲಸ ಇರಲಿಲ್ಲ. ಪಿಂಚಣಿಗಾಗಿ ಅಲೆಯುವ ಮುದುಕನನ್ನು ನೋಡಿ ಪಕ್ಕದ ಮನೆಯ ಅಜ್ಜಿ, "ಇಂವಾ ನಮ್ಮೂರಾಂವನ ಅದಾನ ಬಿಡವ್ವಾ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತೀರ್ಪುಗಾರರ ಸಮಿತಿ ಬರೆದದ್ದೇನೋ ನಾನು ಓದಿಲ್ಲ, ಅಜ್ಜಿಯ ಈ ಮಾತು ನನಗೆ ಸಾಕು.

ಶರೀಫರ ಚಿತ್ರದ ಮಾತು ಬೇರೆ. ಅದು ನಮಗೆ ಹೊಸದನ್ನು ಹೇಳಲಿಲ್ಲ. ಶರೀಫರ ಪದಗಳನ್ನು ನಮ್ಮ ಹೆಂಗಸರು ಬೀಸುವಾಗ ಹಾಡುತ್ತಿದ್ದರು, ಗಂಡಸರು ಭಜನೆಯಲ್ಲಿ ಏಕತಾರಿ ಹಿಡಿದು ಹಾಡುತ್ತಿದ್ದರು. ಅಶ್ವತ್ಥರ ಮತ್ತು ಶಿವಮೊಗ್ಗ ಸುಬ್ಬಣ್ಣನವರ ದನಿಯಲ್ಲಿ ಕ್ಯಾಸೆಟ್ಟುಗಳಾಗಿ ಬಂದ ಮೇಲೆ ಬೆಂಗಳೂರಿನವರಿಗೂ ತಿಳಿಯಿತು. ಈ ಸುಬ್ಬಣ್ಣನವರು 1978ರ ಸಾಲಿನಲ್ಲಿ 'ಕಾಡುಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು. ಅದೇ ಸಾಲಿನಲ್ಲಿ ನಾಗಾಭರಣರ 'ಗ್ರಹಣ'ಕ್ಕೂ ಭಾವೈಕ್ಯದ ಪ್ರಶಸ್ತಿ ಬಂದಿತ್ತು. ಮುಂದೆ 2006ರ ಸಾಲಿನಲ್ಲಿ 'ಕಲ್ಲರಳಿ ಹೂವಾಗಿ'ಗೆ ಮತ್ತೊಮ್ಮೆ ಬಂತು. ಹೀಗೆ ಒಬ್ಬರೇ ನಿರ್ದೇಶಕರಿಗೆ ಮೂರು ಸಲ. ಅವುಗಳಲ್ಲಿ ಕೊನೆಯ ಎರಡರ ಮೇಲೆ ನರ್ಗೀಸರ ಹೆಸರಿದೆ.

ಆ ಎರಡರಲ್ಲಿ ಮೊದಲನೆಯದು, ಅಂದರೆ ಶರೀಫರ ಚಿತ್ರದ ಪ್ರಶಸ್ತಿ, ಬಂದ ಸ್ವಲ್ಪ ಕಾಲಕ್ಕೇ, 1992ರ ಡಿಸೆಂಬರಿನಲ್ಲಿ, ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಉರುಳಿತು. ನಮ್ಮ ಓಣಿಯಲ್ಲೂ ಕೆಲವು ದಿನ ಸಂಜೆಯಾದೊಡನೆ ಬಾಗಿಲು ಹಾಕುತ್ತಿದ್ದರು. ಹಾಲು ಕೊಡಲು ಬರುತ್ತಿದ್ದ ಸಾಬರ ಮುದುಕಿ ಎರಡು ದಿನ ಬರಲಿಲ್ಲ. ಮೂರನೆಯ ದಿನ ನಮ್ಮ ಅವ್ವನೇ ಗಿಂಡಿ ಹಿಡಿದು ಅವಳ ಮನೆಗೆ ಹೋದಳು. ಭಾವೈಕ್ಯ ಎಂಬ ಶಬ್ದ ಅವ್ವನಿಗೆ ಗೊತ್ತಿರಲಿಲ್ಲ. "ಕೂಸಿಗೆ ಹಾಲು ಬೇಕಲ್ಲೇ, ಅಕಿನೂ ಒಬ್ಬಾಕಿನ ಅದಾಳ" ಎಂದಷ್ಟೇ ಹೇಳಿದಳು.

2023ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳ ಮೇಲೆ ಬಿ.ಎಸ್. ಲಿಂಗದೇವರು ಅವರ 'ವಿರಾಟಪುರ ವಿರಾಗಿ' ಬಂತು. ನಮ್ಮ ಕಡೆಯ ಹಿರಿಯರು ಒಬ್ಬೊಬ್ಬರಾಗಿ ತೆರೆಗೆ ಬರುತ್ತಿದ್ದಾರೆ, ಒಳ್ಳೆಯದು. ಅದರ ಮರುವರ್ಷ ಫೆಬ್ರುವರಿಯಲ್ಲಿ ಇನ್ನೊಂದು ಸುದ್ದಿ ಪತ್ರಿಕೆಯ ಒಳಪುಟದಲ್ಲಿತ್ತು. ರಾಷ್ಟ್ರಪ್ರಶಸ್ತಿಗಳ ನಿಯಮ ಬದಲಾಗಿದೆ; ಭಾವೈಕ್ಯದ ಪ್ರಶಸ್ತಿಯನ್ನು ಸಾಮಾಜಿಕ ವಿಷಯ ಮತ್ತು ಪರಿಸರದ ಪ್ರಶಸ್ತಿಗಳ ಜತೆ ಕೂಡಿಸಿ, ರಾಷ್ಟ್ರೀಯ, ಸಾಮಾಜಿಕ ಮತ್ತು ಪರಿಸರ ಮೌಲ್ಯಗಳ ಚಿತ್ರಕ್ಕೆ ಕೊಡುವ ಒಂದೇ ಪ್ರಶಸ್ತಿ ಮಾಡಿದ್ದಾರೆ. ನರ್ಗೀಸ್ ದತ್ ಎಂಬ ಹೆಸರನ್ನು ಕೈಬಿಟ್ಟಿದ್ದಾರೆ. ಚೊಚ್ಚಲ ಚಿತ್ರದ ಪ್ರಶಸ್ತಿಯಿಂದ ಇಂದಿರಾ ಗಾಂಧಿಯವರ ಹೆಸರನ್ನೂ ತೆಗೆದಿದ್ದಾರೆ. ಸ್ನೇಹಲತಾ ರೆಡ್ಡಿಯವರನ್ನು ಜೈಲಿಗೆ ಹಾಕಿಸಿದ ಕಾಲದ ಪ್ರಧಾನಿ ಅವರು, ಆ ಹೆಸರಿನ ಬಗ್ಗೆ ವಾದ ಮಾಡುವವರು ಮಾಡಲಿ. ನರ್ಗೀಸ್ ಯಾರಿಗೆ ಏನು ಮಾಡಿದ್ದರು?

ಆ ಪತ್ರಿಕೆಯನ್ನು ಶಾಲೆಗೆ ಒಯ್ದು ಒಂಬತ್ತನೆಯ ಇಯತ್ತೆಯವರಿಗೆ ಓದಿದೆ. ಶರೀಫರ ಹಾಡು ಬರುತ್ತದೆಯೇ ಎಂದರೆ ಅರ್ಧ ತರಗತಿ ಎದ್ದು ನಿಂತಿತು. ಶಿಶುನಾಳದ ಜಾತ್ರೆಗೆ ಹೋದವರು ಯಾರು ಎಂದರೆ ಏಳೆಂಟು ಕೈ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, "ನರ್ಗೀಸ್ ಅಂದ್ರ ಯಾರ್ರೀ ಟೀಚರ್?" ಎಂದಳು. ಅಂದು ಕಲಿಸಬೇಕಾಗಿದ್ದದ್ದು ವಿಜಯನಗರದ ಪಾಠ. ಅದನ್ನು ಮರುದಿನಕ್ಕೆ ಇಟ್ಟು, ಬೋರ್ಡಿನ ಮೇಲೆ 1929 ಎಂದು ಬರೆದು ಶುರು ಮಾಡಿದೆ.