ರಾಣೆಬೆನ್ನೂರಿನ ಕೋಟೆಯೂ ಗುಂಡಿನ ಗುರಿಯೂ

ಕೊತ್ತಲದ ಮೇಲೆ ನಿಂತ ವೀರನೊಬ್ಬನು ಕಾಲು ಹರದಾರಿಯಾಚೆ ಕುದುರೆಯೇರಿದ್ದ ಪರಂಗಿಯವನನ್ನು ಒಂದೇ ಗುಂಡಿಗೆ ಕೆಡವಿದನೆಂಬಂಥ ಕಥೆಗಳನ್ನು ವಾಚಕರು ಕೇಳಿರಬಹುದು. ಕೇಳಲು ಹಿತವಾದ ಮಾತು; ಆದರೆ ಅಂದಿನ ಬಂದೂಕು ಇದಕ್ಕೆ ಸಾಕ್ಷಿ ನುಡಿಯುವುದಿಲ್ಲ.

1800ನೆಯ ಇಸವಿ ಜೂನ್ 27ರಂದು ರಾಣೆಬೆನ್ನೂರಿನಲ್ಲಿ ನಡೆದುದನ್ನೇ ನೋಡೋಣ. ಚನ್ನಗಿರಿಯ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಆರ್ಥರ್ ವೆಲ್ಲೆಸ್ಲಿಯು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಬಂದಿದ್ದನು. ಕೋಟೆಯಲ್ಲಿದ್ದ ಧೋಂಡಿಯಾನ ಜನರು ಕಂಪನಿಯ ಮುಂಗಡ ದಂಡಿನ ಮೇಲೆ ಗುಂಡು ಹಾರಿಸಿದರು. ವೆಲ್ಲೆಸ್ಲಿಯು ಲಗ್ಗೆಯಿಟ್ಟು ಕೋಟೆಯನ್ನು ಹಿಡಿದನು.

ಉಭಯ ಪಕ್ಷಗಳಲ್ಲಿದ್ದುದು ಬಹುಮಟ್ಟಿಗೆ ಒಳಗೆ ನುಣುಪಾದ ನಳಿಗೆಯ ಬಂದೂಕು. ಕಂಪನಿಯ ಚಕಮಕಿ ಬಂದೂಕಿನ ನಳಿಗೆ ಮುಕ್ಕಾಲು ಅಂಗುಲ. ಗುಂಡು ಅದಕ್ಕಿಂತ ಸಣ್ಣದು. ಮದ್ದಿನ ಮಸಿ ಕಟ್ಟಿದರೂ ಗುಂಡು ಸಲೀಸಾಗಿ ಇಳಿಯಲೆಂದು ಹೀಗೆ ಮಾಡುತ್ತಿದ್ದರು. ಅಂಥ ಗುಂಡು ನಳಿಗೆಯ ಗೋಡೆಗೆ ಬಡಿಯುತ್ತ ಹೊರಬೀಳುವುದರಿಂದ ಅದರ ದಾರಿ ಹಾರಿಸಿದವನಿಗೂ ತಿಳಿಯದು! ಎಂಬತ್ತು ಗಜಕ್ಕೆ ಮನುಷ್ಯನಿಗೆ ತಾಗೀತು, ನೂರೈವತ್ತಕ್ಕೆ ತಾಗಿದರೆ ಅವನ ದುರದೃಷ್ಟವೆಂಬುದು ಇಂಗ್ಲಿಷ್ ಅಧಿಕಾರಿ ಜಾರ್ಜ್ ಹ್ಯಾಂಗರನ 1814ರ ಅಭಿಪ್ರಾಯ.

ಲೆಕ್ಕ ಹಾಕಿರಿ. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಹಾರಿಸಬಲ್ಲನು. ಬತ್ತಿಯ ಬಂದೂಕಿನವನು ಇನ್ನೂ ಕಡಿಮೆ. ಏಣಿ ಹೊತ್ತು ಓಡುವವನು ಕಡೆಯ ಎಂಬತ್ತು ಗಜವನ್ನು ಕ್ರಮಿಸುವಷ್ಟರಲ್ಲಿ ಕಾವಲಿನವನಿಗೆ ದೊರೆಯುವುದು ಒಂದೋ ಎರಡೋ ಗುಂಡು. ಇದನ್ನರಿಯದೆ ಕೋಟೆಯವರನ್ನು ಅಳ್ಳೆದೆಯವರೆನ್ನುವುದು ಅನ್ಯಾಯವೆಂದು ನಮ್ಮ ಮತ.

ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುತ್ತದೆ. ಅದೇ ರೈಫಲ್ಲು. ಅದೇ 1800ರಲ್ಲಿ ಆಂಗ್ಲ ಸೇನೆ ಅಂಗೀಕರಿಸಿದ ಬೇಕರ್ ರೈಫಲ್ಲು ಇನ್ನೂರು ಗಜಕ್ಕೂ ಗುರಿ ಮುಟ್ಟುತ್ತಿತ್ತು. ಆದರೆ ಗೀರುಗಳಿಗೆ ಬಿಗಿಯುವಂತೆ ಗುಂಡನ್ನು ತುಂಡಿನಲ್ಲಿ ಸುತ್ತಿ ಬಾಯಿಂದ ಜಡಿಯಬೇಕು. ಮೂರು ಹಾರಿಸುವಲ್ಲಿ ಒಂದೆರಡು ಮಾತ್ರ. ಸಾಲುಗಟ್ಟಿ ಕಾದುವ ದಂಡಿಗೆ ಗುರಿಗಿಂತ ವೇಗವೇ ಬೇಕಾಯಿತು.

ಈ ತೊಡಕು ಬಗೆಹರಿದುದು 1853ರ ಎನ್ಫೀಲ್ಡಿನಲ್ಲಿ. ಅದರ ಮೊನಚು ಗುಂಡು ಸಲೀಸಾಗಿ ಇಳಿದು, ಹಾರುವಾಗ ಬುಡ ಹಿಗ್ಗಿ ಗೀರನ್ನು ಕಚ್ಚುತ್ತಿತ್ತು. ಅದರ ಕೊಬ್ಬು ಸವರಿದ ತೋಟೆಯಿಂದ 1857ರಲ್ಲಿ ಎದ್ದ ಕಿಡಿ ಎಲ್ಲರಿಗೂ ವಿದಿತ. ಅದೇ ವರ್ಷದ ಆಯುಧ ಕಾಯಿದೆಯನ್ನು ಮುಧೋಳ ಸೀಮೆಯ ಹಲಗಲಿಯ ಬೇಡರು ಧಿಕ್ಕರಿಸಿದರು. ನವೆಂಬರದಲ್ಲಿ ಅವರ ಊರು ಸುಟ್ಟುಹೋಯಿತು. ನೂರು ಗಜಕ್ಕೆ ಗುರಿ ತಪ್ಪುವ ಹಳೆಯ ಬಂದೂಕನ್ನೂ ಆ ಕಾಯಿದೆ ಬಿಟ್ಟಿರಲಿಲ್ಲ.