ಕೌಟುಂಬಿಕ ನ್ಯಾಯಾಲಯ: ಶಾಲಾ ಆಪ್ತಸಮಾಲೋಚಕರು ತಿಳಿದಿರಬೇಕಾದ್ದು

ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲಕತ್ವ ಮತ್ತು ಸುಪರ್ದಿಯಂಥ ವ್ಯಾಜ್ಯಗಳನ್ನು ವಿಚಾರಣೆ ಮಾಡಲು 1984ರ ಕಾಯ್ದೆಯಡಿ ಸ್ಥಾಪಿತವಾದ ನ್ಯಾಯಾಲಯವೇ ಕೌಟುಂಬಿಕ ನ್ಯಾಯಾಲಯ; ಜನರ ಬಾಯಲ್ಲಿ ಫ್ಯಾಮಿಲಿ ಕೋರ್ಟ್. ಮನೆಯ ಜಗಳವನ್ನು ಮಾಮೂಲಿ ಸಿವಿಲ್ ದಾವೆಯಂತೆ ನಡೆಸಬಾರದೆಂದು ಕಾನೂನು ಆಯೋಗ 1974ರಲ್ಲೇ ತನ್ನ 59ನೇ ವರದಿಯಲ್ಲಿ ಹೇಳಿತ್ತು. 10 ಲಕ್ಷ ಮೀರಿದ ಜನಸಂಖ್ಯೆಯ ನಗರಗಳಲ್ಲಿ ಈ ನ್ಯಾಯಾಲಯ ಇರಲೇಬೇಕು. ಬೆಂಗಳೂರಿನಲ್ಲಿ ಇದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಇಲ್ಲದ ಊರುಗಳಲ್ಲಿ ಇಂಥ ಪ್ರಕರಣಗಳನ್ನು ಇತರ ನ್ಯಾಯಾಲಯಗಳೇ ನಡೆಸುತ್ತವೆ.

ಮೊದಲು ರಾಜಿಗೆ ಪ್ರಯತ್ನಿಸುವುದು ಇಲ್ಲಿ ನ್ಯಾಯಾಧೀಶರ ಕರ್ತವ್ಯ. ಅದಕ್ಕಾಗಿ ನ್ಯಾಯಾಲಯದಲ್ಲೇ ಸಮಾಲೋಚಕರಿರುತ್ತಾರೆ. ವಕೀಲರನ್ನು ಇಟ್ಟುಕೊಳ್ಳುವುದು ಇಲ್ಲಿ ಹಕ್ಕಲ್ಲ, ನ್ಯಾಯಾಲಯದ ಅನುಮತಿ ಬೇಕು. ಕಕ್ಷಿದಾರರು ಬಯಸಿದರೆ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ.

ಶಾಲೆಗೆ ಈ ಜಗಳ ತಲುಪುವುದು ಸಾಮಾನ್ಯವಾಗಿ ಗೇಟಿನ ಬಳಿ. ‘ಅವರು ಬಂದರೆ ಮಗುವನ್ನು ಕಳಿಸಬೇಡಿ’ ಎಂದು ತಾಯಿಯೋ ತಂದೆಯೋ ಕೇಳಿಕೊಳ್ಳುತ್ತಾರೆ. ಆಗ ಆಪ್ತಸಮಾಲೋಚಕರು ಕೇಳಬೇಕಾದ್ದು ಒಂದೇ: ನ್ಯಾಯಾಲಯದ ಆದೇಶವಿದೆಯೇ? ಅರ್ಜಿ ಹಾಕಿದ ಮಾತ್ರಕ್ಕೆ ಯಾರ ಹಕ್ಕೂ ಹೋಗುವುದಿಲ್ಲ. ಆದೇಶವಿದ್ದರೆ ಅದರ ದೃಢೀಕೃತ ಪ್ರತಿಯನ್ನು ಪಡೆದು ಪೂರ್ತಿ ಓದಬೇಕು. ಅದು ಮಧ್ಯಂತರವೋ ಅಂತಿಮವೋ, ಮಗು ಯಾರ ಬಳಿ ಇರಬೇಕು, ಇನ್ನೊಬ್ಬರು ಯಾವ ದಿನ ಎಲ್ಲಿ ಭೇಟಿ ಮಾಡಬಹುದು ಎಂಬುದನ್ನು ಗಮನಿಸಬೇಕು. ಸುಪರ್ದಿ ಒಬ್ಬರಿಗೆ ಸಿಕ್ಕಿತೆಂದರೆ ಇನ್ನೊಬ್ಬರು ಪೋಷಕರಲ್ಲವೆಂದು ಅರ್ಥವಲ್ಲ. ಪರಿಸ್ಥಿತಿ ಬದಲಾದರೆ ಆದೇಶವೂ ಬದಲಾಗುತ್ತದೆ. ಹಳೆಯ ಪ್ರತಿಯನ್ನು ನಂಬಿ ಕೂರುವಂತಿಲ್ಲ.

ತೀರ್ಪಿಗೆ ಮುಖ್ಯ ಅಳತೆಗೋಲು ಮಗುವಿನ ಹಿತ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ ಪ್ರಕಾರ, ಬುದ್ಧಿ ತಿಳಿದ ಮಗುವಿನ ಇಷ್ಟವನ್ನೂ ನ್ಯಾಯಾಲಯ ಪರಿಗಣಿಸಬಹುದು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಂತೆ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರುತ್ತದೆ. ಅದೇ ಕಾಯ್ದೆ ತಂದೆಯನ್ನು ಮೊದಲ ಸಹಜ ಪಾಲಕನೆಂದು ಹೇಳಿ, ‘ಅವನ ನಂತರ’ ತಾಯಿ ಎಂದಿತ್ತು. ಮಗನ ಹೆಸರಿನ ಬಾಂಡಿಗೆ ತಾಯಿಯ ಸಹಿ ಸಾಲದೆಂದ ರಿಸರ್ವ್ ಬ್ಯಾಂಕಿನ ವಿರುದ್ಧ ಲೇಖಕಿ ಗೀತಾ ಹರಿಹರನ್ ಸುಪ್ರೀಂ ಕೋರ್ಟಿಗೆ ಹೋದರು. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊತ್ತಿಲ್ಲದಿದ್ದರೆ ತಾಯಿಯೇ ಪಾಲಕಿಯಾಗಬಹುದೆಂದು 1999ರಲ್ಲಿ ತೀರ್ಪು ಬಂತು. ದಾಖಲಾತಿ ಅರ್ಜಿಗೆ ತಂದೆಯ ಸಹಿಯೇ ಬೇಕೆಂದು ಹಟ ಹಿಡಿಯುವ ಶಾಲಾ ಕಚೇರಿಗಳು ಇದನ್ನು ತಿಳಿದಿರಬೇಕು.

ಶಾಲಾ ಆಪ್ತಸಮಾಲೋಚಕರ ಲೇಖನಿಗೆ ಇಲ್ಲಿ ಅವರು ಭಾವಿಸಿರುವುದಕ್ಕಿಂತ ಹೆಚ್ಚು ತೂಕವಿದೆ. ಸಾಕ್ಷ್ಯ ಕಾನೂನಿನ ಕಟ್ಟುಪಾಡಿಗೆ ಒಳಪಡದ ವರದಿ, ಹೇಳಿಕೆಗಳನ್ನೂ ಕೌಟುಂಬಿಕ ನ್ಯಾಯಾಲಯ ಸ್ವೀಕರಿಸಬಹುದು. ಹಾಗಾಗಿ ಒಬ್ಬ ಪೋಷಕರು ಕೇಳಿದರೆಂದು ‘ಮಗು ತಾಯಿಯ ಜೊತೆಗಿದ್ದರೇ ಒಳ್ಳೆಯದು’ ಎಂಬ ಪತ್ರ ಬರೆದುಕೊಡುವುದು ತಪ್ಪು. ಇಬ್ಬರೂ ಪೋಷಕರನ್ನು ಕಂಡು ಮಾತಾಡದೆ ಕೊಟ್ಟ ಇಂಥ ಅಭಿಪ್ರಾಯ ಮಗುವನ್ನೇ ಕಟಕಟೆಗೆ ಎಳೆಯುತ್ತದೆ. ಹಾಜರಾತಿ, ತರಗತಿಯ ನಡವಳಿಕೆ, ಮಗು ತಾನಾಗಿ ಆಡಿದ ಮಾತು, ಆ ದಿನದ ದಿನಾಂಕ, ಇಷ್ಟನ್ನು ಕಂಡಂತೆ, ಕೇಳಿದಂತೆ ಬರೆದಿಟ್ಟರೆ ಸಾಕು. ಸಮನ್ಸ್ ಬಂದರೆ ಮುಖ್ಯೋಪಾಧ್ಯಾಯರ ಮೂಲಕ ಆ ದಾಖಲೆಗಳನ್ನೇ ಹಾಜರುಪಡಿಸಬೇಕು. ‘ಅಪ್ಪ ಬೇಕೋ, ಅಮ್ಮ ಬೇಕೋ’ ಎಂಬ ಪ್ರಶ್ನೆಯನ್ನಂತೂ ಶಾಲೆಯಲ್ಲಿ ಯಾರೂ ಕೇಳಕೂಡದು. ಅಗತ್ಯವಿದ್ದರೆ ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಮಗುವಿನ ಜೊತೆ ಮಾತಾಡುತ್ತಾರೆ.

ಫೀಸು ಕಟ್ಟುವವರಿಲ್ಲದೆ ಮಗುವಿನ ಓದು ನಿಲ್ಲುವಂತಿದ್ದರೆ, ವಿದ್ಯಾಭ್ಯಾಸದ ಖರ್ಚಿಗೆ ಮಧ್ಯಂತರ ಆದೇಶ ಕೋರಬಹುದೆಂದು ಪೋಷಕರಿಗೆ ತಿಳಿಸಬೇಕು. ಮಹಿಳೆಯರಿಗೂ ಮಕ್ಕಳಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ; ಸಹಾಯವಾಣಿ 15100.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಾಗ ಮಾತ್ರ ಕೌಟುಂಬಿಕ ನ್ಯಾಯಾಲಯದ ತೀರ್ಪಿಗೆ ಕಾಯುವ ಪ್ರಶ್ನೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್‌ನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸುಪರ್ದಿ ಜಗಳದ ನಡುವೆ ಬಂದ ಆರೋಪವೆಂಬ ಕಾರಣಕ್ಕೆ ಸುಮ್ಮನಿರುವಂತಿಲ್ಲ, ಸತ್ಯಾಸತ್ಯ ತೂಗುವ ಕೆಲಸ ಆಪ್ತಸಮಾಲೋಚಕರದಲ್ಲ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯನ್ನೂ ಹೊರಿಸುವಂತಿಲ್ಲವೆಂದು ಅದೇ ಸೆಕ್ಷನ್ ಹೇಳುತ್ತದೆ.