ವೈಜ್ಞಾನಿಕ ಗ್ರಾಫ್‌ಗಳ ಮುಕ್ತ ತಂತ್ರಾಂಶ: ಕನ್ನಡ ಲಿಪಿಯ ಕಡೆಯಿಂದ ಇತಿಹಾಸ

ಅಂಕಿಅಂಶಗಳನ್ನು ಗ್ರಾಫ್ ಆಗಿ ಬಿಡಿಸುವ ಮುಕ್ತ ತಂತ್ರಾಂಶಗಳ ಚರಿತ್ರೆಯನ್ನು ಬಿಡುಗಡೆಯ ವರ್ಷಗಳಲ್ಲೇ ಹೇಳಿ ಮುಗಿಸುವುದು ರೂಢಿ: 1986ರಲ್ಲಿ ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ ಅವರ ಗ್ನುಪ್ಲಾಟ್, 1990ರ ದಶಕದಲ್ಲಿ ಆಕ್ಲೆಂಡ್‌ನಿಂದ ಬಂದ ಆರ್, 2003ರಲ್ಲಿ ಜಾನ್ ಹಂಟರ್ ಅವರ ಮ್ಯಾಟ್‌ಪ್ಲಾಟ್‌ಲಿಬ್. ಆದರೆ ಕನ್ನಡದ ಮಟ್ಟಿಗೆ ಈ ಮೂರೂ ನಿಜವಾದ ತಿರುವುಗಳಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದ್ದರೂ ಒತ್ತಕ್ಷರ, ಅರ್ಕಾವತ್ತುಗಳನ್ನು ಕೂಡಿಸಲು ಪ್ರತ್ಯೇಕ ಎಂಜಿನ್ ಬೇಕು. ಮ್ಯಾಟ್‌ಪ್ಲಾಟ್‌ಲಿಬ್ ಬಹುಕಾಲ ಅಕ್ಷರಗಳನ್ನು ಸಂಕೇತಗಳ ಕ್ರಮದಲ್ಲೇ ಸಾಲಾಗಿ ಇಡುತ್ತಿತ್ತು. ಹೆಚ್ಚುಕಡಿಮೆ ಪ್ರತಿ ಗ್ರಾಫಿನ ಅಡಿಗೆರೆಗೂ ಬೇಕಾದ ‘ವರ್ಷ’ ಎಂಬ ಪದವೇ ಒಡೆದು ಬೀಳುತ್ತಿತ್ತು. ಗ್ನುಪ್ಲಾಟ್ 2007ರ 4.2ನೇ ಆವೃತ್ತಿಯಲ್ಲಿ ಪರದೆಗೂ, 2010ರ 4.4ರಲ್ಲಿ ಚಿತ್ರ ಮತ್ತು ಪಿಡಿಎಫ್ ಕಡತಗಳಿಗೂ ಅಕ್ಷರಗಳನ್ನು ಹೀಗೆ ಕೂಡಿಸಬಲ್ಲ ಪ್ಯಾಂಗೋ ಲೈಬ್ರರಿಯನ್ನು ಬಳಸಿಕೊಂಡಿತು. ಕನ್ನಡ ಗ್ರಾಫಿನ ಕಾಲಗಣನೆ ಶುರುವಾಗಬೇಕಾದದ್ದು ಇಲ್ಲಿಂದ.

ಇದಕ್ಕೆ ಎರಡು ಆಕ್ಷೇಪಗಳು ಏಳಬಹುದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಇತ್ತಲ್ಲ, ಅದರ ಹಳೆಯ ಫಾಂಟ್‌ಗಳಲ್ಲಿ ಒತ್ತಕ್ಷರಗಳು ಸಿದ್ಧರೂಪದಲ್ಲೇ ಇರುವುದರಿಂದ ಯಾವ ತಂತ್ರಾಂಶದಲ್ಲೂ ಸರಿಯಾಗಿ ಮೂಡುತ್ತವೆ ಎಂಬುದು ಮೊದಲನೆಯದು. ಮೂಡುವುದು ನಿಜ, ಆದರೆ ಕಡತದೊಳಗೆ ಉಳಿಯುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಸಿ. ಬೆಳಗಲ್, ಆದೋನಿ, ಕೋಸಿಗಿ ಎಂಬ ಊರಹೆಸರುಗಳ ಯೂನಿಕೋಡ್ ಪಟ್ಟಿಯನ್ನು ಮಳೆಯ ಅಂಕಿಗಳ ಜೊತೆ ನೇರವಾಗಿ ಗ್ರಾಫಿಗೆ ಕೊಡಲಾಗದು, ಮುಗಿದ ಪಿಡಿಎಫ್‌ನಲ್ಲಿ ಅವನ್ನು ಹುಡುಕಲೂ ಆಗದು. ಎರಡನೆಯದು ಇನ್ನೂ ಗಟ್ಟಿಯಾದದ್ದು: ಸಂಶೋಧನೆ ನಡೆಯುವುದೇ ಇಂಗ್ಲಿಷಿನಲ್ಲಿ, ಹೆಸರುಪಟ್ಟಿಯನ್ನು ಆಮೇಲೆ ಚಿತ್ರದ ಮೇಲೆ ಅಂಟಿಸಿದರೆ ಸಾಕು. ಆದರೆ ಹೀಗೆ ಅಂಟಿಸುವುದು ಗ್ರಾಫ್ ಬರೆಯಲು ಕೋಡ್ ಬಳಸುವ ಪ್ರಯೋಜನವನ್ನೇ ಅಳಿಸಿಹಾಕುತ್ತದೆ. ಅಂಕಿ ಬದಲಾದಾಗ ಗೆರೆ ತಾನಾಗಿ ಬದಲಾಗುತ್ತದೆ, ಕೈಯಿಂದ ಅಂಟಿಸಿದ ಕನ್ನಡ ಮಾತ್ರ ಹಳೆಯ ಜಾಗದಲ್ಲೇ ನಿಲ್ಲುತ್ತದೆ. ಶಾಲಾಪುಸ್ತಕ, ಕೃಷಿ ಪತ್ರಿಕೆ, ಪಂಚಾಯಿತಿ ವರದಿಗಳನ್ನು ಓದುವವರ ಕೈಗೆ ತಪ್ಪು ಗ್ರಾಫ್ ಸೇರುವುದು ಹೀಗೆ.

ಕಲಿಕೆಯ ಕಡೆಯ ದಾಖಲೆ ಇಷ್ಟು ತೊಡಕಿನದಲ್ಲ. ಮ್ಯಾಟ್‌ಪ್ಲಾಟ್‌ಲಿಬ್‌ನ ಭಾಷೆಯಾದ ಪೈಥಾನ್‌ನ ಸಮ್ಮೇಳನ, ಮೊದಲ ಪೈಕಾನ್ ಇಂಡಿಯಾ, 2009ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ವೈಜ್ಞಾನಿಕ ಪೈಥಾನ್‌ನ ಸಮ್ಮೇಳನವಾದ ಮೊದಲ ಸೈಪೈ ಇಂಡಿಯಾ ಅದೇ ವರ್ಷದ ಡಿಸೆಂಬರ್‌ನಲ್ಲಿ ತಿರುವನಂತಪುರದಲ್ಲಿ. ಮೂರು ಆಯಾಮದ ಚಿತ್ರಣಕ್ಕೆ ಮಾಯಾವಿಯನ್ನು ರೂಪಿಸಿದ ಪ್ರಭು ರಾಮಚಂದ್ರನ್ ಶಿಕ್ಷಣದಲ್ಲಿ ಮುಕ್ತ ತಂತ್ರಾಂಶವನ್ನು ಹರಡುವ ಐಐಟಿ ಬಾಂಬೆಯ ಫಾಸ್ಸಿ ಯೋಜನೆಯಲ್ಲಿ ಪೈಥಾನ್ ಬೋಧನೆಯನ್ನು ಮುನ್ನಡೆಸಿದರು. ಅದೇ ಸಂಸ್ಥೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡ ಧ್ವನಿಯಲ್ಲೂ ಸಿಗುತ್ತವೆ, ಇಂಟರ್‌ನೆಟ್ ಇಲ್ಲದೆಯೂ ನೋಡಬಹುದು. ಪರದೆಯ ಮೇಲಿನ ತಂತ್ರಾಂಶ ಮಾತ್ರ ಇಂಗ್ಲಿಷಿನಲ್ಲೇ ಇರುತ್ತದೆ.